ಇಸಿಜಿ ಕಾಗದ ಮಾಸುವ ಮೊದಲು

ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಕಡೆ ನನ್ನ ಸೋದರಮಾವನ ಮನೆ. ಅಲ್ಲಿ ಅತ್ತೆಯ ಕಬ್ಬಿಣದ ಕಪಾಟಿನಲ್ಲಿ, ಸೀರೆಗಳ ಅಡಿಗೆ, ಆಸ್ಪತ್ರೆಯ ಕಾಗದಗಳನ್ನು ತುಂಬಿದ ಒಂದು ಪ್ಲಾಸ್ಟಿಕ್ ಚೀಲವಿದೆ. ಅದರಲ್ಲಿ ಉದ್ದಕ್ಕೆ ಮಡಚಿಟ್ಟ, ನಸುಗೆಂಪು ಚೌಕುಳಿಯ ಒಂದು ತುಂಡು ಸಿಗುತ್ತದೆ. ಈಗ ಅದರಲ್ಲಿ ಉಳಿದಿರುವುದು ಚೌಕುಳಿ ಮಾತ್ರ. ಅದರ ಮೇಲೆ ಮೂಡಿದ್ದ ಗೆರೆಗಳು, ಮೂಲೆಯಲ್ಲಿದ್ದ ತಾರೀಕು, ಗಂಟೆ, ನಿಮಿಷ ಎಲ್ಲವೂ ಮಾಸಿಹೋಗಿವೆ. ಇಸಿಜಿ ಮುದ್ರಿಸುವ ಕಾಗದಕ್ಕೆ ಶಾಯಿ ಇಲ್ಲ. ಬಸ್ಸಿನ ಟಿಕೆಟಿನಂತೆ ಅದೂ ಶಾಖದಿಂದ ಅಚ್ಚಾಗುವ ಕಾಗದ. ನಮ್ಮೂರಿನ ಸೆಕೆಗೂ ಮಳೆಗಾಲದ ತೇವಕ್ಕೂ ಅದು ಹೆಚ್ಚು ಕಾಲ ತಾಳುವುದಿಲ್ಲ.

ಆ ರಾತ್ರಿ ನಡೆದದ್ದು ಇಷ್ಟು. ಊಟ ಮುಗಿಸಿದ ಮಾವನಿಗೆ ಎಂಟೂಮುಕ್ಕಾಲಿಗೆ ಎದೆಯ ನಡುವೆ ಏನೋ ಒತ್ತಿದ ಹಾಗಾಯಿತು. ‘ಗ್ಯಾಸು’ ಎಂದು ತಾನೇ ತೀರ್ಮಾನಿಸಿ ಜೀರಿಗೆ ಕಷಾಯ ಕುಡಿದರು, ಅಂಗಳದಲ್ಲಿ ನಾಲ್ಕು ಸುತ್ತು ನಡೆದರು. ಹತ್ತೂವರೆಯ ಹೊತ್ತಿಗೆ ಬನಿಯನ್ ಹಿಂಡುವಷ್ಟು ಬೆವರು. ನೆರೆಮನೆಯ ಹುಡುಗ ಕಾರು ತಂದ. ಹನ್ನೊಂದೂ ಇಪ್ಪತ್ತಕ್ಕೆ ಪೇಟೆಯ ಒಂದು ಖಾಸಗಿ ಆಸ್ಪತ್ರೆ ಸೇರಿದರು. ಅಲ್ಲಿ ಗ್ಯಾಸಿನದೇ ಇಂಜೆಕ್ಷನ್ ಕೊಟ್ಟು, ‘ಸ್ವಲ್ಪ ಹೊತ್ತು ಮಲಗಲಿ, ನೋಡುವ’ ಎಂದರು. ಇಸಿಜಿ ತೆಗೆದದ್ದು ಹನ್ನೆರಡೂ ಐವತ್ತಕ್ಕೆ. ಅದನ್ನು ಕಂಡದ್ದೇ ತಡ, ಎಲ್ಲರಿಗೂ ಅವಸರ: ‘ಕೂಡಲೇ ಮಂಗಳೂರಿಗೆ ಕೊಂಡುಹೋಗಿ.’ ಮಾವ ಬದುಕಿದರು. ಆದರೆ ಹೃದಯದ ಸ್ನಾಯುವಿನ ದೊಡ್ಡ ಪಾಲು ಸತ್ತಿತ್ತು. ಮೇಲಿನ ಗುಡ್ಡೆಯ ತೋಟಕ್ಕೆ ಅವರು ಮತ್ತೆ ಹತ್ತಲಿಲ್ಲ.

‘ಕೇಸು ಹಾಕಬಹುದಿತ್ತೋ ಏನೋ’ ಎಂದು ಅತ್ತೆ ನನ್ನನ್ನು ಕೇಳಿದ್ದು ಎರಡೂವರೆ ವರ್ಷದ ಬಳಿಕ. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ ಮೊದಲು ಹೃದಯದಿಂದಲೇ ಆರಂಭಿಸಬೇಕು. ಯಾವ ನಿಮಿಷದಲ್ಲಿ ಏನು ಕೆಡುತ್ತದೆ ಎಂದು ತಿಳಿಯದೆ, ಯಾರ ತಪ್ಪು ಎಷ್ಟು ಎಂದು ಅಳೆಯಲು ಆಗುವುದಿಲ್ಲ.

ಪೈಪಲ್ಲ, ಕುರು

ಹೃದಯ ದೇಹಕ್ಕೆಲ್ಲ ರಕ್ತ ಹಂಚುತ್ತದೆ ನಿಜ, ಆದರೆ ತನ್ನೊಳಗೆ ತುಂಬಿದ ರಕ್ತದಿಂದ ನೇರವಾಗಿ ಉಣ್ಣುವುದಿಲ್ಲ. ಅದರ ಸ್ನಾಯುವಿಗೆ ಆಹಾರ ಒಯ್ಯಲು ಮೇಲ್ಮೈಯಲ್ಲೇ ಹರಿಯುವ ಪ್ರತ್ಯೇಕ ರಕ್ತನಾಳಗಳಿವೆ. ಅವೇ ಕೊರೊನರಿ ನಾಳಗಳು. ‘ತೋಟದ ಪೈಪಿನಲ್ಲಿ ಕಸ ಕಟ್ಟಿದ ಹಾಗೆ’ ಎಂದು ಹೃದಯಾಘಾತವನ್ನು ವಿವರಿಸುವುದು ರೂಢಿ. ಆ ಹೋಲಿಕೆ ಅರ್ಧ ಮಾತ್ರ ಸರಿ, ಉಳಿದರ್ಧ ದಾರಿ ತಪ್ಪಿಸುತ್ತದೆ. ಕೊಬ್ಬು ಕಟ್ಟುವುದು ಪೈಪಿನ ಒಳಹರಿವಿನಲ್ಲಲ್ಲ, ನಾಳದ ಗೋಡೆಯ ಒಳಗೆ. ಚರ್ಮದ ಅಡಿಯಲ್ಲಿ ಬಲಿಯುವ ಕುರುವಿನಂತೆ ಅದು ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. ಒಂದು ದಿನ ಅದರ ಮೇಲ್ಪದರ ಬಿರಿಯುತ್ತದೆ. ಗಾಯವಾಯಿತೆಂದು ತಿಳಿದ ರಕ್ತ, ತನ್ನ ಸ್ವಭಾವದಂತೆ, ಅಲ್ಲಿ ಹೆಪ್ಪುಗಟ್ಟುತ್ತದೆ. ಕೆಲವೇ ನಿಮಿಷಗಳಲ್ಲಿ ನಾಳ ಮುಚ್ಚಬಹುದು.

ಅರ್ಧದಷ್ಟೂ ಕಿರಿದಾಗದ ನಾಳದಲ್ಲಿಯೂ ಹೀಗಾಗುವುದುಂಟು. ‘ಹೋದ ತಿಂಗಳು ಚೆಕಪ್ ಮಾಡಿಸಿದ್ದರು, ಎಲ್ಲ ಸರಿ ಇತ್ತು’ ಎಂದು ಸಾವಿನ ಮನೆಯಲ್ಲಿ ಕೇಳುವ ಮಾತಿನಲ್ಲಿ ಸುಳ್ಳೇನೂ ಇಲ್ಲ. ಆ ಚೆಕಪ್ ಮಾಡಿದವರು ತಪ್ಪು ಮಾಡಿದರೆಂದೂ ಅದರಿಂದ ಸಿದ್ಧವಾಗುವುದಿಲ್ಲ.

ನಾಳ ಪೂರ್ತಿ ಮುಚ್ಚಿದರೆ ಇಪ್ಪತ್ತು ನಿಮಿಷದಿಂದ ನಲವತ್ತು ನಿಮಿಷದೊಳಗೆ ಸ್ನಾಯುಕೋಶಗಳು ಮರಳಿ ಬಾರದಂತೆ ಸಾಯತೊಡಗುತ್ತವೆ. ಸಾವು ಒಳಪದರದಿಂದ ಹೊರಪದರಕ್ಕೆ ಗಂಟೆಗಳ ಕಾಲ ಹಬ್ಬುತ್ತದೆ. ಮೊದಲ ಎರಡು ಮೂರು ಗಂಟೆಗಳಲ್ಲಿ ನಾಳ ತೆರೆದರೆ ಉಳಿಯುವ ಸ್ನಾಯುವೇ ಬೇರೆ, ಆರು ಗಂಟೆಗಳ ಬಳಿಕ ತೆರೆದರೆ ಉಳಿಯುವುದೇ ಬೇರೆ. ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ, ಅಲ್ಲಿ ಗಾಯದ ಕಲೆ ಉಳಿಯುತ್ತದೆ.

ಹೃದಯಾಘಾತವೂ ಹೃದಯಸ್ತಂಭನವೂ ಒಂದೇ ಅಲ್ಲ. ಆಘಾತದಲ್ಲಿ ಹೃದಯ ಬಡಿಯುತ್ತಿರುತ್ತದೆ, ರೋಗಿ ಮಾತಾಡುತ್ತಿರುತ್ತಾನೆ, ಎಷ್ಟೋ ಸಲ ತಾನೇ ನಡೆದು ಕಾರು ಹತ್ತುತ್ತಾನೆ. ‘ನಡೆದುಕೊಂಡು ಬಂದ ಮನುಷ್ಯನಿಗೆ ಹಾರ್ಟ್ ಅಟ್ಯಾಕ್ ಎಲ್ಲಿಂದ’ ಎಂಬ ಸಸಾರ ಇಲ್ಲಿಂದಲೇ ಹುಟ್ಟುತ್ತದೆ. ಸ್ತಂಭನವೆಂದರೆ ಬಡಿತವೇ ನಿಂತು ಕುಸಿಯುವುದು. ಆಘಾತ ಯಾವ ಕ್ಷಣದಲ್ಲಾದರೂ ಸ್ತಂಭನಕ್ಕೆ ತಿರುಗಬಹುದು. ಹಾಗಾದರೆ ನಿಮಿಷಕ್ಕೆ 100ರಿಂದ 120 ಸಲದಂತೆ ಎದೆಯ ನಡುವನ್ನು ಗಟ್ಟಿಯಾಗಿ ಒತ್ತುತ್ತಲೇ ಇರಬೇಕು.

ಇನ್ನು ನೋವಿನ ಮಾತು. ಸಿನಿಮಾದಲ್ಲಿಯಂತೆ ಎದೆ ಹಿಡಿದು ಬೀಳುವವರು ಕಡಿಮೆ. ಒತ್ತಿದಂತೆ, ಬಿಗಿದಂತೆ, ಉರಿದಂತೆ ಆಗುವುದು, ಎಡತೋಳಿಗೆ, ದವಡೆಗೆ, ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ವಾಕರಿಕೆ ಇವೇ ಹೆಚ್ಚು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ ಬರಿಯ ಏದುಸಿರು ಅಥವಾ ವಿಪರೀತ ಸುಸ್ತು ಮಾತ್ರ ಇರಬಹುದು. ಹೊಟ್ಟೆಯ ಮೇಲ್ಭಾಗದ ಉರಿಯನ್ನೂ ಹೃದಯದ ಕೆಳಭಾಗದ ಆಘಾತವನ್ನೂ ಕೈಯಿಂದ ಮುಟ್ಟಿ ಬೇರ್ಪಡಿಸಬಲ್ಲ ವೈದ್ಯರು ಯಾರೂ ಇಲ್ಲ, ಅದಕ್ಕೆ ಇಸಿಜಿಯೇ ಬೇಕು.

ಹತ್ತು, ಮೂವತ್ತು, ತೊಂಬತ್ತು

ಹೃದ್ರೋಗ ತಜ್ಞರ ಮಾರ್ಗಸೂಚಿಗಳಲ್ಲಿರುವ ಅಂಕಿಗಳು ಜಗತ್ತಿನೆಲ್ಲೆಡೆ ಹೆಚ್ಚುಕಡಿಮೆ ಒಂದೇ. ಎದೆನೋವಿನ ರೋಗಿ ಬಂದ 10 ನಿಮಿಷದೊಳಗೆ ಇಸಿಜಿ ತೆಗೆದು ಓದಿರಬೇಕು. ಅದರಲ್ಲಿ ನಾಳ ಪೂರ್ತಿ ಮುಚ್ಚಿದ ಗುರುತು ಕಂಡರೆ, ಕ್ಯಾತ್‌ಲ್ಯಾಬ್ (ಆಂಜಿಯೋಪ್ಲಾಸ್ಟಿ ಮಾಡುವ ಕೊಠಡಿ) ಇರುವ ಆಸ್ಪತ್ರೆಯಲ್ಲಿ 90 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ, ಅಂದರೆ ಸಣ್ಣ ನಳಿಕೆ ತೂರಿಸಿ ಬಲೂನು ಉಬ್ಬಿಸುವ ಚಿಕಿತ್ಸೆ, ಮಾಡಿ ನಾಳ ತೆರೆಯಬೇಕು. ಬೇರೆ ಆಸ್ಪತ್ರೆಗೆ ಸಾಗಿಸಬೇಕಿದ್ದರೆ ಒಟ್ಟು 120 ನಿಮಿಷದ ಅವಕಾಶ. ಅಷ್ಟರಲ್ಲಿ ತಲುಪುವುದು ಸಾಧ್ಯವಿಲ್ಲವೆಂದಾದರೆ ಕಾಯಬಾರದು. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು, ಅಂದರೆ ಟೆನೆಕ್ಟೆಪ್ಲೇಸ್ ಅಥವಾ ಸ್ಟ್ರೆಪ್ಟೋಕೈನೇಸನ್ನು, ಇದ್ದಲ್ಲಿಯೇ ಅರ್ಧ ಗಂಟೆಯೊಳಗೆ ಕೊಟ್ಟು ಆಮೇಲೆ ಸಾಗಿಸಬೇಕು. ಹಿಂದೆ ಎಂದಾದರೂ ಮೆದುಳಿನಲ್ಲಿ ರಕ್ತಸ್ರಾವ ಆದವರಿಗೆ ಮತ್ತು ಇನ್ನು ಕೆಲವರಿಗೆ ಈ ಮದ್ದು ಕೊಡುವಂತಿಲ್ಲ. ಕೊಡದಿದ್ದರೆ, ಏಕೆ ಕೊಡಲಿಲ್ಲ ಎಂಬುದು ಕೇಸ್ ಶೀಟಿನಲ್ಲಿ ಬರೆದಿರಬೇಕು.

ಕಾಸರಗೋಡಿನವರಾದ ನಾವು ನಿಂತು ಯೋಚಿಸಬೇಕಾದ ಜಾಗ ಇದೇ. ಮಂಜೇಶ್ವರ, ಹೊಸಂಗಡಿಯವರಿಗೆ ಮಂಗಳೂರು ಇಪ್ಪತ್ತು ಕಿಲೋಮೀಟರಿನ ಆಸುಪಾಸು, ಅವರು ನೇರ ಹೋಗುವುದರಲ್ಲಿ ಅರ್ಥವಿದೆ. ಕಾಸರಗೋಡು ಪೇಟೆಯಿಂದ ಸುಮಾರು ಐವತ್ತು. ಆದರೆ ಬಂದಡ್ಕ, ಆದೂರು, ಮುಳ್ಳೇರಿಯದವರಿಗೆ ಗುಡ್ಡ ಇಳಿದು ಹೆದ್ದಾರಿ ಸೇರುವುದಕ್ಕೇ ಹೊತ್ತು ಬೇಕು. ಆದರೂ ನಮ್ಮಲ್ಲಿ ‘ನಡುವೆ ಎಲ್ಲಿಯೂ ನಿಲ್ಲಿಸಬೇಡಿ, ಮಂಗಳೂರಿಗೇ ಬಿಡಿ’ ಎಂಬುದು ಒಂದು ನಂಬಿಕೆಯೇ ಆಗಿಹೋಗಿದೆ. ನನ್ನ ಮಟ್ಟಿಗೆ ಇದು ಅಪಾಯಕಾರಿ ನಂಬಿಕೆ. ದಾರಿಯ ಯಾವುದಾದರೂ ಆಸ್ಪತ್ರೆಯಲ್ಲಿ ಹತ್ತು ನಿಮಿಷ ನಿಂತು ಇಸಿಜಿ ತೆಗೆಸಿದರೆ, ಅಗತ್ಯಬಿದ್ದರೆ ಇಂಜೆಕ್ಷನ್ ಹಾಕಿಸಿದರೆ, ಆ ನಿಲುಗಡೆ ದಂಡವಲ್ಲ. ಕರ್ನಾಟಕ ಸರಕಾರ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ನಡೆಸುವ ಹೃದಯ ಜ್ಯೋತಿ ಯೋಜನೆಯ ತಿರುಳೂ ಇದೇ: ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ, ದೂರದಿಂದ ಅದನ್ನು ಓದುವ ತಜ್ಞರು, ಸ್ಥಳದಲ್ಲೇ ಟೆನೆಕ್ಟೆಪ್ಲೇಸ್, ಆಮೇಲೆ ದೊಡ್ಡ ಆಸ್ಪತ್ರೆ. ಅಲರ್ಜಿ ಅಥವಾ ರಕ್ತಸ್ರಾವದ ತೊಂದರೆ ಇಲ್ಲದವರು 300 ಮಿಲಿಗ್ರಾಮಿನ ಆಸ್ಪಿರಿನ್ ಅಗಿದು ನುಂಗುವುದನ್ನು ಮನೆಯಲ್ಲಿಯೇ ಮಾಡಬಹುದು. ಕಷಾಯಕ್ಕಿಂತ ಅದು ಎಷ್ಟೋ ಮೇಲು.

ಮಂಗಳೂರಿನ ಮೇಲೆ ನಾವು ಎಷ್ಟು ಒರಗಿದ್ದೇವೆ ಎಂಬುದು 2020ರ ಮಾರ್ಚಿನಲ್ಲಿ ಎಲ್ಲರಿಗೂ ಅರಿವಾಯಿತು. ಕೋವಿಡ್ ಹರಡದಂತೆ ಕರ್ನಾಟಕವು ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ ಆಂಬುಲೆನ್ಸ್‌ಗಳು ಹಿಂದಿರುಗಿದವು, ರೋಗಿಗಳು ಸತ್ತರು. ತಡೆ ತೆರವಾಗುವಂತೆ ನೋಡಿಕೊಳ್ಳಲು ಕೇರಳ ಹೈಕೋರ್ಟು ಏಪ್ರಿಲ್ 1ರಂದು ಕೇಂದ್ರಕ್ಕೆ ಹೇಳಬೇಕಾಯಿತು, ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ನಮ್ಮದೇ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ. ಆ ಕಥೆಯನ್ನು ಇಲ್ಲಿ ಬಿಡಿಸತೊಡಗಿದರೆ ಈ ಲೇಖನ ಮುಗಿಯುವುದಿಲ್ಲ.

ಎಲ್ಲ ಆಘಾತಗಳಿಗೂ ಮೇಲಿನ ಗಡುವು ಅನ್ವಯಿಸುವುದಿಲ್ಲ. ನಾಳ ಪೂರ್ತಿ ಮುಚ್ಚದೆ ಆಗುವ ಇನ್ನೊಂದು ಬಗೆ ಇದೆ. ಅದರಲ್ಲಿ ಇಸಿಜಿ ಬಹುತೇಕ ಸರಿಯಾಗಿಯೇ ಕಾಣಬಹುದು. ಪೆಟ್ಟಾದ ಹೃದಯಸ್ನಾಯುವಿನಿಂದ ಸೋರುವ ಟ್ರೊಪೊನಿನ್ ಎಂಬ ಪ್ರೋಟೀನು ರಕ್ತದಲ್ಲಿ ಏರಿದ್ದರಿಂದ ರೋಗ ತಿಳಿಯುತ್ತದೆ, ಆ ಏರಿಕೆಯೂ ಕೆಲವು ಗಂಟೆ ಕಳೆದ ಮೇಲೆಯೇ ಗೊತ್ತಾಗುತ್ತದೆ. ಅಂಥವರಿಗೆ ಮದ್ದು ಕೊಟ್ಟು ಮರುದಿನ ಆಂಜಿಯೋಗ್ರಾಂ (ನಾಳಗಳ ಎಕ್ಸ್‌ರೇ ಚಿತ್ರ) ಮಾಡಿದರೆ ಅದು ವಿಳಂಬವಲ್ಲ, ಪದ್ಧತಿ. ಕೋಪದಲ್ಲಿ ವಕೀಲರ ಬಳಿಗೆ ಓಡುವ ಮೊದಲು ಡಿಸ್ಚಾರ್ಜ್ ಸಮರಿಯಲ್ಲಿ ಯಾವ ಬಗೆಯೆಂದು ಬರೆದಿದೆ ಎಂದು ನೋಡಬೇಕು. ಆದರೆ ಮೊದಲ ಇಸಿಜಿ ಸರಿಯಿತ್ತೆಂದು, ನೋವು ಮುಂದುವರಿದಿದ್ದರೂ ಇನ್ನೊಂದು ತೆಗೆಯದೆ ಮನೆಗೆ ಕಳುಹಿಸಿದ್ದರೆ ಮಾತು ಬೇರೆ.

ಕಾನೂನು ಕೇಳುವ ಪ್ರಶ್ನೆಗಳು

ರೋಗಿ ಸತ್ತ ಎಂಬುದರಿಂದಲೇ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. ಚಿಕಿತ್ಸೆ ಫಲಿಸಲಿಲ್ಲ ಎಂಬುದರಿಂದಲೂ ಆಗುವುದಿಲ್ಲ. ಕಾನೂನು ನೋಡುವುದು ಇಷ್ಟನ್ನು: ಆಸ್ಪತ್ರೆ ರೋಗಿಯನ್ನು ಒಪ್ಪಿಕೊಂಡಿತ್ತೇ, ಸಾಧಾರಣ ಕೌಶಲದ ವೈದ್ಯನೊಬ್ಬ ಆ ಸ್ಥಿತಿಯಲ್ಲಿ ಮಾಡುತ್ತಿದ್ದುದನ್ನು ಅದು ಮಾಡಿತೇ, ಮಾಡದಿದ್ದರೆ ಹಾನಿ ಆದದ್ದು ಅದರಿಂದಲೇ ಹೌದೇ? ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಮಾವನ ಪ್ರಕರಣವನ್ನೇ ತೆಗೆದುಕೊಳ್ಳಿ. ಆಸ್ಪತ್ರೆ ಕಳೆದದ್ದು ಒಂದೂವರೆ ಗಂಟೆ, ಮನೆಯಲ್ಲಿ ಕಷಾಯ ಕುಡಿದು ಕಳೆದದ್ದು ಒಂದೂಮುಕ್ಕಾಲು ಗಂಟೆ. ಎದುರು ಪಕ್ಷದ ವಕೀಲರು ಮೊದಲು ಎತ್ತುವ ಮಾತೇ ಇದು. ಹಾಗೆಂದು ಮನೆಯ ವಿಳಂಬ ಆಸ್ಪತ್ರೆಯ ವಿಳಂಬವನ್ನು ಅಳಿಸುವುದಿಲ್ಲ. ತಡವಾಗಿ ಬಂದ ರೋಗಿಗೆ ಇನ್ನಷ್ಟು ಅವಸರ ಬೇಕಿತ್ತು ಎಂಬ ವಾದವೂ ಅಷ್ಟೇ ಗಟ್ಟಿ.

ಕ್ಯಾತ್‌ಲ್ಯಾಬ್ ಇಲ್ಲದಿರುವುದು ಸಣ್ಣ ಆಸ್ಪತ್ರೆಯ ಅಪರಾಧವಲ್ಲ. ಇಸಿಜಿ ತೆಗೆಯದಿರುವುದು, ತೆಗೆದದ್ದನ್ನು ಓದದಿರುವುದು, ತನ್ನಿಂದ ಆಗದೆಂದು ತಿಳಿದ ಮೇಲೂ ರೋಗಿಯನ್ನು ಇರಿಸಿಕೊಳ್ಳುವುದು, ಪತ್ರವಾಗಲಿ ಇಸಿಜಿಯ ಪ್ರತಿಯಾಗಲಿ ಕೊಡದೆ ಬಾಗಿಲಿನಿಂದಲೇ ಸಾಗಹಾಕುವುದು, ಮುಂಗಡ ಹಣ ಕಟ್ಟುವ ತನಕ ಮುಟ್ಟದಿರುವುದು, ದೂರು ನಿಲ್ಲುವುದು ಇಂಥವುಗಳ ಮೇಲೆ.

ತುರ್ತಿನಲ್ಲಿ ರೋಗಿಯನ್ನು ಮುಟ್ಟದಿರುವುದರ ಬಗ್ಗೆ ಸುಪ್ರೀಂ ಕೋರ್ಟು 1989ರ ಪರಮಾನಂದ ಕಟಾರ ಪ್ರಕರಣದಲ್ಲಿಯೇ ಸ್ಪಷ್ಟವಾಗಿ ಹೇಳಿದೆ: ಸರಕಾರಿ ಇರಲಿ ಖಾಸಗಿ ಇರಲಿ, ಜೀವ ಉಳಿಸುವುದು ಪ್ರತಿ ವೈದ್ಯರ ಮೊದಲ ಕರ್ತವ್ಯ, ಕಾಗದಪತ್ರದ ವಿಧಿಗಳು ಅದಕ್ಕೆ ಅಡ್ಡಬರಬಾರದು. 1996ರ ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಪ್ರಕರಣದಲ್ಲಿ, ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದವನೊಬ್ಬನನ್ನು ಒಂದಾದ ಮೇಲೊಂದು ಸರಕಾರಿ ಆಸ್ಪತ್ರೆ ಹಾಸಿಗೆ ಇಲ್ಲವೆಂದು ತಿರುಗಿ ಕಳುಹಿಸಿತ್ತು. ಸಂವಿಧಾನದ 21ನೆಯ ವಿಧಿ ಕೊಟ್ಟ ಜೀವದ ಹಕ್ಕು ಅಲ್ಲಿ ಮುರಿದಿದೆ ಎಂದ ನ್ಯಾಯಾಲಯ 25,000 ರೂಪಾಯಿ ಪರಿಹಾರ ಕೊಡಿಸಿತು. ಮೊತ್ತ ಸಣ್ಣದು, ತತ್ವ ದೊಡ್ಡದು. ಹಣದ ಕೊರತೆ ಸರಕಾರಕ್ಕೆ ನೆಪವಾಗದು ಎಂದೂ ಅದು ಹೇಳಿತು.

ಎಲ್ಲಿಗೆ ಹೋಗಬೇಕು

ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯಾದರೆ ಗ್ರಾಹಕ ಆಯೋಗವೇ ಹತ್ತಿರದ ಬಾಗಿಲು. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆಂದು 1995ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಬಿಲ್ಲನ್ನು ವಿಮಾ ಕಂಪನಿ ತೆತ್ತಿದ್ದರೂ ರೋಗಿ ಗ್ರಾಹಕನೇ. ಈಗ ಜಾರಿಯಲ್ಲಿರುವುದು 2019ರ ಕಾಯ್ದೆ. ಅದರಲ್ಲಿ ಗಡಿನಾಡಿನವರಿಗೆ ಬಹಳ ಉಪಕಾರವಾಗುವ, ಆದರೆ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಬದಲಾವಣೆ ಇದೆ. ಹಿಂದೆ ಆಸ್ಪತ್ರೆ ಇರುವ ಅಥವಾ ಘಟನೆ ನಡೆದ ಊರಿನಲ್ಲಿಯೇ ದೂರು ಕೊಡಬೇಕಿತ್ತು. ಈಗ ದೂರುದಾರ ವಾಸಿಸುವ ಜಿಲ್ಲೆಯಲ್ಲಿಯೂ ಕೊಡಬಹುದು. ಮಂಗಳೂರಿನ ಆಸ್ಪತ್ರೆಯ ಮೇಲಿನ ದೂರನ್ನು ಕುಂಬಳೆಯವರು ಕಾಸರಗೋಡಿನ ಜಿಲ್ಲಾ ಆಯೋಗದಲ್ಲಿಯೇ ದಾಖಲಿಸಬಹುದು, ರಾಜ್ಯದ ಗಡಿ ಅದಕ್ಕೆ ಅಡ್ಡಿಯಲ್ಲ.

ಆಸ್ಪತ್ರೆಗೆ ಕಟ್ಟಿದ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 2 ಕೋಟಿಯವರೆಗೆ ರಾಜ್ಯ ಆಯೋಗ. ಇಲ್ಲಿ ಲೆಕ್ಕಕ್ಕೆ ಬರುವುದು ಕಟ್ಟಿದ ಬಿಲ್ಲು, ಕೇಳುವ ಪರಿಹಾರವಲ್ಲ. ಬಿಲ್ಲು 5 ಲಕ್ಷದೊಳಗಿದ್ದರೆ ದೂರಿನ ಶುಲ್ಕವೇ ಇಲ್ಲ. ತಜ್ಞರ ಅಭಿಪ್ರಾಯ ಪ್ರತಿ ಪ್ರಕರಣದಲ್ಲಿಯೂ ಬೇಕೇಬೇಕೆಂದಿಲ್ಲ ಎಂದು 2010ರ ವಿ. ಕಿಶನ್ ರಾವ್ ತೀರ್ಪು ಹೇಳಿದೆ. ಆದರೂ ಹೃದಯದ ವಿಷಯದಲ್ಲಿ ಒಬ್ಬ ಹೃದ್ರೋಗ ತಜ್ಞರ ಬರವಣಿಗೆ ಇಲ್ಲದೆ ಹೋಗುವುದು ಬರಿಗೈಯಲ್ಲಿ ಅಡಿಕೆ ಮರ ಹತ್ತಿದ ಹಾಗೆ. ಅಂಥ ಅಭಿಪ್ರಾಯ ಬರೆದುಕೊಡುವವರು ಇದೇ ಊರಿನಲ್ಲಿ ಸಿಗುವುದು ಕಷ್ಟ, ಕಾರಣ ಹೇಳಬೇಕಾಗಿಲ್ಲ.

ಎರಡು ವರ್ಷ. ದೂರು ಕೊಡಲು ಕಾಯ್ದೆ ಕೊಟ್ಟ ಕಾಲ ಅಷ್ಟೇ. ತಡವಾದುದಕ್ಕೆ ತಕ್ಕ ಕಾರಣ ತೋರಿಸಿದರೆ ಆಯೋಗ ಮನ್ನಿಸಬಹುದು, ಆದರೆ ‘ನಮಗೆ ಗೊತ್ತಿರಲಿಲ್ಲ’ ಎಂಬುದನ್ನು ತಕ್ಕ ಕಾರಣವೆಂದು ನಂಬಿ ಕೂರುವಂತಿಲ್ಲ.

ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಸರಕಾರಿ ಆಸ್ಪತ್ರೆ ಗ್ರಾಹಕ ಕಾನೂನಿನ ಹೊರಗೆ. ಅಲ್ಲಿ ಸಿವಿಲ್ ದಾವೆ ಅಥವಾ ಹೈಕೋರ್ಟಿಗೆ ರಿಟ್ ಅರ್ಜಿಯ ದಾರಿ ಇದೆ, ರಾಜ್ಯ ಮಾನವ ಹಕ್ಕುಗಳ ಆಯೋಗವೂ ಇದೆ. ದಾಖಲೆಗಳನ್ನು ಮಾಹಿತಿ ಹಕ್ಕಿನಲ್ಲಿಯೂ ಕೇಳಬಹುದು. ಮನವಿಯನ್ನು ಕನ್ನಡದಲ್ಲಿಯೇ ಬರೆಯಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ. ವಕೀಲರ ಫೀಸು ಕೊಡಲಾಗದವರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಸಿಗುತ್ತದೆ.

ವೈದ್ಯರ ಪರವಾನಗಿಯ ಮೇಲೆ ಕ್ರಮ ಬೇಕೆಂದರೆ ಅವರು ನೋಂದಾಯಿಸಿಕೊಂಡ ರಾಜ್ಯದ ವೈದ್ಯಕೀಯ ಪರಿಷತ್ತಿಗೆ ದೂರಬೇಕು. ಅಲ್ಲಿ ಪರಿಹಾರದ ಹಣ ಸಿಗುವುದಿಲ್ಲ. ಇನ್ನು ಪೊಲೀಸ್ ಕೇಸು. ಸಿಟ್ಟಿನಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಇದೇ, ಹೆಚ್ಚಾಗಿ ನಿಲ್ಲದೆ ಹೋಗುವುದೂ ಇದೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದ ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ ಶಿಕ್ಷೆ ಇದೆ. ಆದರೆ 2005ರ ಜೇಕಬ್ ಮ್ಯಾಥ್ಯೂ ತೀರ್ಪು ಕ್ರಿಮಿನಲ್ ಮೊಕದ್ದಮೆಗೆ ಘೋರ ನಿರ್ಲಕ್ಷ್ಯ ಇರಬೇಕೆಂದೂ, ಕ್ರಮ ಜರುಗಿಸುವ ಮೊದಲು ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕೆಂದೂ ವಿಧಿಸಿದೆ. ಆಸ್ಪತ್ರೆಯ ಗಾಜು ಒಡೆಯುವುದು ಮಾತ್ರ ಯಾವ ದಾರಿಯೂ ಅಲ್ಲ. ಅದರಿಂದ ದೂರುದಾರನೇ ಆರೋಪಿಯಾಗುತ್ತಾನೆ.

ಮೊದಲ ವಾರದ ಕೆಲಸ

ವಕೀಲರನ್ನು ಹುಡುಕುವ ಮೊದಲು ಕಾಗದ ಹುಡುಕಬೇಕು. ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳಂತೆ, ರೋಗಿ ಅಥವಾ ಅವನಿಂದ ಅಧಿಕಾರ ಪಡೆದವರು ಕೇಳಿದ 72 ಗಂಟೆಯೊಳಗೆ ದಾಖಲೆಗಳ ಪ್ರತಿ ಕೊಡಬೇಕು. ಬಾಯಿಮಾತಿನಲ್ಲಿ ಕೇಳಿದರೆ ‘ನಾಳೆ ಬನ್ನಿ’ ಎನ್ನುತ್ತಾರೆ. ಬರೆದು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಡಿಸ್ಚಾರ್ಜ್ ಸಮರಿ ಒಂದೇ ಸಾಲದು. ತುರ್ತು ವಿಭಾಗದ ಚೀಟಿ, ನರ್ಸುಗಳ ಟಿಪ್ಪಣಿ, ಮದ್ದು ಕೊಟ್ಟ ಹೊತ್ತಿನ ಪಟ್ಟಿ, ಎಲ್ಲ ಇಸಿಜಿಗಳು, ರೆಫರ್ ಮಾಡಿದ ಪತ್ರ, ಎಲ್ಲವೂ ಬೇಕು. ನಿಜವಾದ ಕಥೆ ಇರುವುದು ನರ್ಸುಗಳ ಟಿಪ್ಪಣಿಯಲ್ಲಿ. ಸಿಸಿಟಿವಿಯ ದೃಶ್ಯಗಳು ಕೆಲವು ವಾರಗಳಲ್ಲಿ ತಾವಾಗಿಯೇ ಅಳಿಸಿಹೋಗುವುದರಿಂದ, ಕಾದಿರಿಸುವಂತೆ ಕೂಡಲೇ ಲಿಖಿತವಾಗಿ ಕೇಳಬೇಕು.

ನಿಮ್ಮ ಕೈಯಲ್ಲಿರುವ ಸಾಕ್ಷ್ಯವೂ ಕಡಿಮೆಯದ್ದಲ್ಲ. 108ಕ್ಕೆ ಮಾಡಿದ ಕರೆಯ ಹೊತ್ತು ಮೊಬೈಲಿನಲ್ಲಿದೆ. ಚೀಟಿ ಮಾಡಿಸಿದ ಹಣದ ರಸೀದಿ, ಮೆಡಿಕಲ್ ಶಾಪಿನ ಬಿಲ್ಲು, ಮೊಬೈಲಿನಲ್ಲಿ ಪಾವತಿ ಮಾಡಿದ ಸಂದೇಶ, ಹೆಚ್ಚಿನವುಗಳಲ್ಲಿ ನಿಮಿಷ ಸಹಿತ ಸಮಯವಿರುತ್ತದೆ. ಇಸಿಜಿ ಯಂತ್ರದ ಗಡಿಯಾರ ಕೆಲವೊಮ್ಮೆ ತಪ್ಪಾಗಿರುತ್ತದೆ, ಆಗ ಇವೇ ಆಧಾರ.

ಸಹಿಯ ಬಗ್ಗೆ ಒಂದು ಮಾತು. ಸಾಗಿಸುವ ಗಡಿಬಿಡಿಯಲ್ಲಿ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುವ ಒಂದು ಹಾಳೆಗೆ ನಮ್ಮ ಹಿರಿಯರು ಕಣ್ಣು ಮುಚ್ಚಿ ಸಹಿ ಹಾಕುತ್ತಾರೆ. ಅದರಲ್ಲಿ ‘ವೈದ್ಯರ ಸಲಹೆಗೆ ವಿರುದ್ಧವಾಗಿ, ಸ್ವಂತ ಇಚ್ಛೆಯಿಂದ ಕರೆದೊಯ್ಯುತ್ತಿದ್ದೇವೆ’ ಎಂದಿದ್ದರೆ, ರೆಫರ್ ಮಾಡಿದ್ದು ಆಸ್ಪತ್ರೆಯೇ ಎಂಬುದನ್ನು ಆಮೇಲೆ ಸಾಧಿಸುವುದು ಹರಸಾಹಸ. ಓದಿಸಿ ಕೇಳಿ, ಸುಳ್ಳಾಗಿದ್ದರೆ ಸಹಿಯ ಪಕ್ಕದಲ್ಲಿ ಕನ್ನಡದಲ್ಲಿಯಾದರೂ ನಿಜವನ್ನು ಒಂದು ಸಾಲು ಬರೆಯಬೇಕು.

ರೋಗಿ ತೀರಿಕೊಂಡಿದ್ದು, ವಿಳಂಬದ ಸಂಶಯವಿದ್ದರೆ ಮರಣೋತ್ತರ ಪರೀಕ್ಷೆಯ ಪ್ರಶ್ನೆ ಬರುತ್ತದೆ. ದೇಹ ಕೊಯ್ಯುವುದು ಬೇಡವೆಂದು ಮನೆಯವರು ಹಿಂಜರಿಯುವುದು ನನಗೆ ಅರ್ಥವಾಗುತ್ತದೆ. ಆದರೆ ಇಸಿಜಿಯೂ ಇಲ್ಲದೆ, ಮರಣೋತ್ತರ ವರದಿಯೂ ಇಲ್ಲದೆ, ಸತ್ತದ್ದು ಹೃದಯಾಘಾತದಿಂದಲೇ ಎಂದು ಆಮೇಲೆ ತೋರಿಸುವುದು ಬಹಳ ಕಷ್ಟ. ಹೆಚ್ಚಿನ ಪ್ರಕರಣಗಳು ಸೋಲುವ ಮೊದಲ ಜಾಗ ಅದು.

ಅತ್ತೆಗೆ ನಾನು ಇಷ್ಟನ್ನೆಲ್ಲ ಹೇಳಲಿಲ್ಲ. ಎರಡು ವರ್ಷ ಕಳೆದಿತ್ತು, ಕಾಗದ ಖಾಲಿಯಾಗಿತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ ಆ ಇಸಿಜಿಯ ಪ್ರತಿ ಉಳಿದಿರಬಹುದೇ ಎಂದು ಕೇಳಲು ಒಂದು ಅರ್ಜಿ ಬರೆದುಕೊಟ್ಟೆ. ಚೀಲದಲ್ಲಿದ್ದ ಉಳಿದ ಕಾಗದಗಳನ್ನು ಅಂಗಳದ ಬೆಳಕಿನಲ್ಲಿ ಒಂದೊಂದಾಗಿ ಹರಡಿ ಮೊಬೈಲಿನಲ್ಲಿ ಫೋಟೋ ತೆಗೆದೆ. ಮಾವ ಜಗಲಿಯಲ್ಲಿ ಕುಳಿತು, ತನ್ನ ಪಾಲಿನ ಒಂದೂಮುಕ್ಕಾಲು ಗಂಟೆಯ ಲೆಕ್ಕ ಗೊತ್ತಿದ್ದವರಂತೆ, ಏನೂ ಹೇಳದೆ ನೋಡುತ್ತಿದ್ದರು.